ಅಲಗಬ್ಯಾಡ

ಗುಜರಿಯವ ಬಂದಾನ ಬೆಟಗೇರಿಯ ನಮ್ಮ ಓಣಿಗೆ,
ಸೈಕಲ್ಲಿಗೆ ತಕ್ಕಡಿ ಕಟಗೊಂಡು.
ಹಳೇ ಎಕ್ಸರೇ ಇದ್ರ ಕೊಡ್ರಿ ಅಕ್ಕಾರ, ಅಂತಾನ,
ಅದರಾಗ ಬೆಳ್ಳಿ ಸಿಗತೈತಂತ.
ನಮ್ಮ ಟ್ರಂಕಿನಾಗ ಹದಿನೆಂಟು ಕಿಲೋ ಅದಾವ,
ದವಾಖಾನಿ ಮುಚ್ಚಿದ ದಿನ ಅಪ್ಪ ಹೊತಗೊಂಡು ಬಂದದ್ದು:
ಊರ ಮಂದಿಯ ಮುರಿದ ಎಲುಬು.

ಅಪ್ಪ, ರಾಜೇಸಾಬ ನದಾಫ.
ಅವರಪ್ಪ ಬಿಲ್ಲು ಬಡಿದು ಅರಳಿ ಹಿಂಜಾಂವ,
ಮೂಗಿನ ತುಂಬ ಹತ್ತಿ ಧೂಳು, ಕೆಮ್ಮಿ ಕೆಮ್ಮಿ ಹೋದ.
ಇಂವಗ ಸಿಕ್ಕಿದ್ದು ನೆಳ್ಳಿನ ಕೆಲಸ.
ಟಾಂಗಾಕೂಟದ ಹತ್ತಿರ ಎಲುಬಿನ ಡಾಕ್ಟರ ಹಿಂದಿನ ಖೋಲಿ,
ಕಿಡಕಿಗೆ ಕರೇ ಅರಿವಿ, ಒಂದು ಕೆಂಪು ದೀಪ.
'ಹತ್ತಿಗಿಂತ ಚೊಲೊ' ಅಂತಿದ್ದ,
'ಬೆಳಕು ಮೂಗಿನಾಗ ಹೋಗಂಗಿಲ್ಲ.'

ಹುಡುಗೂರು ಸುಮ್ಮನ ಕುಂದ್ರಬೇಕಲ್ಲ.
ಗಿಡದಿಂದ ಬಿದ್ದವರು, ಚಕ್ಕಡಿ ಗಾಲಿಗೆ ಕಾಲು ಕೊಟ್ಟವರು,
ಮಷೀನು ಗುಂಯ್ ಅಂದ ಕೂಡಲೇ ಚೀರವರು.
ಸೀಸದ ಅಂಗಿ ಒಂದೇ ಇತ್ತು ದವಾಖಾನಿಗೆ;
ಅದನ್ನ ಬಸುರಿ ತಾಯಂದಿರಿಗೆ ಹೊದಿಸಿ,
ಗುಂಡಿ ಒತ್ತಾಕ ಕಂಪೌಂಡರನ್ನ ನಿಲ್ಲಿಸಿ,
ತಾನು ಬರೇ ಕೈಲೆ ಹಿಡೀತಿದ್ದ
ಆ ಸಣ್ಣ ಮೊಣಕೈ, ಆ ಮೀನಗಂಡ.
ಅಲಗಬ್ಯಾಡ ನನ್ನ ರಾಜಾ, ಉಸರ ಹಿಡಿ,
ಹಾಂ, ಬಿಡು.

ಎದಿಗೆ ಸಿಗಿಸೋ ಬ್ಯಾಡ್ಜು ಮೂರು ತಿಂಗಳಿಗೊಮ್ಮೆ
ಮುಂಬೈಗೆ ಹೋಗಿ ಬರತಿತ್ತು.
ಕಳದೀತು ಅಂತ ಡಾಕ್ಟರು ಅದನ್ನ ಡ್ರಾವರಿನಾಗ ಇಟ್ಟಿದ್ರು.
ಪ್ರತಿಸಲ ಕಾಗದ ಬರತಿತ್ತು: ಏನೂ ತ್ರಾಸಿಲ್ಲ.
ಡ್ರಾವರು ಇನ್ನೂ ಗಟ್ಟಿಮುಟ್ಟ ಐತಿ.

ಎಂಬತ್ತರ ಗ್ರಹಣದ ದಿನ
ಊರೆಲ್ಲ ಬಾಗಲಾ ಹಾಕ್ಕೊಂಡು ಕುಂತಾಗ
ಕೆಟ್ಟ ಫಿಲ್ಮು ಕತ್ತರಿಸಿ ಕೊಟ್ಟು ನನ್ನ ಮಾಳಗಿ ಹತ್ತಿಸಿದ.
ಯಾರದೋ ಪಕ್ಕೆಲುಬಿನ ಸಂದಿಯಿಂದ ಸೂರ್ಯಾನ್ನ ನೋಡಿದೆ,
ಅರ್ಧ ಕಡಿದ ಬಿಸ್ಕೀಟಿನಂಗ ಇದ್ದ.
'ಬರಿಗಣ್ಣಿಲೆ ನೋಡಬ್ಯಾಡ, ಸುಡತೈತಿ' ಅಂದ ಅಪ್ಪ.
ಆ ಕೈಯಾಗ ಆಗಲೇ ಉಗುರು ಸೀಳಿದ್ವು.

ಸುಣ್ಣ ತಿಂದಾವ ಅಂದ್ರು. ಫಿಲ್ಮು ತೊಳೆಯೋ ನೀರಿನ ಕಾಟ ಅಂದ್ರು.
ಅವ್ವ ಕೊಬ್ಬರಿ ಎಣ್ಣಿ, ಹಕೀಮರು ಕರೇ ಮುಲಾಮು.
ತೊಗಲು ಉಳ್ಳಾಗಡ್ಡಿ ಸಿಪ್ಪಿಯಂಗ ಮಿಂಚಿ ಒಡೀತು.
ಕುದಿಯೋ ಚಾದ ಕಪ್ಪು ಹಿಡಕೊಂಡು
ಬಿಸಿ ಗೊತ್ತಾಗದ ನಿಂತಿರತಿದ್ದ.
ಒಂದು ಮೊಹರಮ್ಮಿಗೆ ಆದ ಹುಣ್ಣು
ಮರುವರ್ಷದ ಮೊಹರಮ್ಮಿಗೂ ಮಾಯಲಿಲ್ಲ.
ಮೊದಲು ತೋರುಬೆರಳ ತುದಿ ಹೋತು, ಆಮ್ಯಾಲ ಬುಡ,
ಆಮ್ಯಾಲ ಅದರ ಮಗ್ಗಲದ್ದು.
ನಮಾಜ ಮುಗಿಸಿ ಬೆರಳ ಗೆಣ್ಣಿನ ಮ್ಯಾಲ ತಸಬಿ ಎಣಿಸಾಂವ,
ಮೂವತ್ತಮೂರಕ್ಕ ಗೆಣ್ಣು ಸಾಲದ
ನನ್ನ ಕೈ ತಗೊಂಡು ಮುಗಿಸತಿದ್ದ.

ಬಗಲಾಗ ಗಂಟು ಆದಾಗ ಹುಬ್ಬಳ್ಳಿಗೆ ಹೋದ್ವಿ.
ಅಣ್ಣಿಗೇರಿ ದಾಟೋತನಕ ಬಸ್ಸಿನ ಕಿಡಕಿಯಾಗ ಒಡೆದ ಹತ್ತಿ,
ಅಪ್ಪ ಆ ಕಡೆ ನೋಡಲಿಲ್ಲ.
ನವನಗರದ ದವಾಖಾನಿಯಾಗ ಗ್ವಾಡಿ ಎರಡು ಮೊಳ ದಪ್ಪ,
ಬಾಗಲಾ ಬ್ಯಾಂಕಿನ ತಿಜೋರಿಯಂಗ.
ಅಲ್ಲಿಯ ಹುಡುಗ ಅಪ್ಪನ್ನ ಮಲಗಿಸಿ, ತೊಗಲ ಮ್ಯಾಲ ಗೆರಿ ಎಳೆದು,
ಹೊರಗ ಹೊಂಟ.
'ತಮ್ಮಾ, ನೀ ಎಲ್ಲಿ ಹೊಂಟಿ?'
'ಒಳಗ ಯಾರೂ ಇರಬಾರದ್ರಿ ಯಜಮಾನ್ರ.'
'ಯಾರೂ?'
'ಯಾರೂ.'

ಗ್ವಾಡಿಯೊಳಗಿನ ಪೆಟ್ಟಿಗಿಯಿಂದ ಆ ಹುಡುಗನ ದನಿ:
ಅಲಗಬ್ಯಾಡ್ರಿ.
ಅಪ್ಪ ನಕ್ಕದ್ದು ನಾ ಹೊರಗಿನ ಟೀವಿಯಾಗ ನೋಡೇನಿ,
ದನಿ ಇಲ್ಲ, ಭುಜ ಅಲಗಿದ್ವು.
ಹುಡುಗ ಮತ್ತ ಮೊದಲಿಂದ ಗೆರಿ ಹೊಂದಿಸಬೇಕಾತು.

ಗುಜರಿಯವ ತಕ್ಕಡಿ ಎತ್ತಿ ನಿಂತಾನ.
ಒಂದೊಂದ ಬಿಸಲಿಗೆ ಹಿಡದು ನೋಡಿ ಕೊಡಾಕತ್ತೇನಿ.
ಲಗೂನ ಕೊಡ್ರಿ ಅಕ್ಕಾರ, ಅಂತ ಗೊಣಗತಾನ.
ಈ ಒಂದರಾಗ, ಹೆಸರು ಅಳಿಸೈತಿ,
ಮೂರು ವರ್ಷದ ಯಾವುದೋ ಕೂಸಿನ ಮೊಣಕೈ,
ಅದರ ಎರಡೂ ಕಡೆ, ಮೆತ್ತಗ ಹಿಡಕೊಂಡು,
ಐದೂ ಬೆರಳು, ಹದಿನಾಲ್ಕೂ ಎಲುಬು, ಬೆಳ್ಳಗ.

ಇದು ತೂಕಕ್ಕಲ್ಲೋ, ಅಂದೆ.
ಅಂವ ಬಗ್ಗಿ ನೋಡಿದ.
ಕರೇ ಇದ್ದಲ್ಲಿ ಬೆಳ್ಳಿ ಇರತೈತ್ರಿ ಅಕ್ಕಾರ,
ಬೆಳ್ಳಗ ಇದ್ದಲ್ಲಿ ಏನೂ ಇರಂಗಿಲ್ಲ.
ಇಟಗೋರಿ.