ಎಂಬತ್ತೆಂಟು ಮನೆ

ನೂರ ಅರವತ್ತೆರಡು ಮೆಟ್ಟಿಲು. ವಾಲ್ಪರೈಸೊದ ಈ ಗುಡ್ಡಕ್ಕೆ
ಲಾರಿ ಹತ್ತುವುದಿಲ್ಲ. ಬಂದರಿನ ಇಬ್ಬರು ಹಮಾಲರು
ಉದ್ದ ಪೆಟ್ಟಿಗೆಯನ್ನು ಹೆಣದ ಹಾಗೆ ಹೊತ್ತು
ತಿರುವಿಗೊಮ್ಮೆ ಇಳಿಸಿ, ಬೆವರೊರೆಸಿ,
ಕಂಪನಿಯ ಏಳು ತಲೆಮಾರನ್ನು ಬೈದು, ಮತ್ತೆ ಹೊತ್ತರು.
ನನ್ನ ಕೇಬಲ್ ಬಂಡಿಯಲ್ಲಿ ಹಿಡಿಸಲಿಲ್ಲ ಅದು;
ನಿಲ್ಲಿಸಿ ನೋಡಿದೆ, ಓರೆ ಮಾಡಿ ನೋಡಿದೆ,
ಒಂದು ಗೇಣು ಹೊರಗೇ ಉಳಿಯಿತು.

ಮೇಲಿನ ಮನೆಯ ಎರ್ಮಿಂದಾಗೆ ಅರವತ್ತಾರು.
ಹಡಗುಗಳಿಗೆ ಬಾವುಟ ಹೊಲಿದ ಕೈ.
ಇಪ್ಪತ್ತು ವರ್ಷ ನನ್ನ ನೆತ್ತಿಯ ಮೇಲೆ, ಹಲಗೆಯಾಚೆ,
ಅವಳ ಯಂತ್ರ ಓಡಿದೆ,
ಕಾಣದ ದೇಶಗಳ ಬಣ್ಣವೆಲ್ಲ ಗಡಗಡ, ಗಡಗಡ.
ಸಿಟ್ಟು ಬಂದಾಗ ಪೊರಕೆ ಹಿಡಿಯಿಂದ ಸೂರಿಗೆ ಗುದ್ದುತ್ತಿದ್ದೆ;
ಒಂದು ಗಳಿಗೆ ನಿಂತು ಮತ್ತೆ ಓಡುತ್ತಿತ್ತು.
ಅದನ್ನು ಮಾರಿದಳು. ನೆಲದಲ್ಲಿ ನಾಲ್ಕು ಕುಳಿ ಉಳಿದವು.
ಆ ಕುಳಿಗಳಲ್ಲೇ ಹೊಸದರ ಕಾಲು ಊರಬೇಕೆಂದು ಹಟ.
ಎರಡು ಕೂತವು, ಎರಡು ಕೂರಲಿಲ್ಲ.

ಸ್ಕ್ರೂ ತಿರುಗಿಸಲು ನನ್ನನ್ನು ಕರೆದಳು.
ಹನ್ನೊಂದು ಭಾಷೆಯ ಪುಸ್ತಿಕೆ, ನಮ್ಮದು ಎಂಟನೆಯದು,
ಅದರಲ್ಲೂ ಚಿತ್ರ ನೋಡಿಯೇ ಕೆಲಸ.
ಎಲ್ಲ ಮುಗಿದ ಮೇಲೆ ಅಂಗೈಯಲ್ಲಿ ಒಂದು ಸ್ಕ್ರೂ.
"ಇರಲಿ" ಎಂದು ಗುಂಡಿ ಡಬ್ಬಿಗೆ ಹಾಕಿದಳು.
ಹೊದಿಕೆ ಸರಿಸಿದರೆ ಎಂಬತ್ತೆಂಟು ಮನೆ, ಬಿಳಿ, ಕರಿ,
ನಮ್ಮ ಗುಡ್ಡದ ಮನೆಗಳಿಗೆ ಬಾರದ ಶಿಸ್ತಿನಲ್ಲಿ,
ಒಂದರ ಬಿಸಿಲಿಗೆ ಇನ್ನೊಂದು ಅಡ್ಡ ನಿಲ್ಲದೆ.
ನಾನಿದ್ದಷ್ಟು ಹೊತ್ತು ಒಂದನ್ನೂ ಒತ್ತಲಿಲ್ಲ.
ಚಹಾ ಕೊಟ್ಟು ಕಳಿಸಿದಳು.

ಅಂದಿನಿಂದ ಕಿವಿಗೆ ಹೆಡ್‌ಫೋನ್.
ಅವಳಿಗೆ ಸ್ವರ, ನನಗೆ ಬರೀ ಟಕ್ ಟಕ್,
ನಡುರಾತ್ರಿ ಯಾರೋ ಈರುಳ್ಳಿ ಹೆಚ್ಚುತ್ತಿರುವಂತೆ.
ನಡುವೆ ದಪ್ ಎಂದು ಪೆಡಲಿನ ಕಾಲು.
"ಎತ್ತಿದರೆ ಮೊಳಗುತ್ತದೆ, ಇಟ್ಟರೆ ಸಾಯುತ್ತದೆ,
ಹೊಲಿಗೆಗೆ ತದ್ವಿರುದ್ಧ" ಎಂದಳು, ಮೆಟ್ಟಿಲಲ್ಲಿ ಸಿಕ್ಕು.
ಮೂರು ವಾರ ಹಾಗೇ ಕಲಿತಳು, ಕಾಲನ್ನು ಗಾಳಿಯಲ್ಲಿ ಹಿಡಿದು.
ಭಾನುವಾರ ಬಂದ ಅಕ್ಕನ ಮಗಳು ಯಾಸ್ನಾ ನಕ್ಕಳಂತೆ:
ತುಳಿದುಕೊಂಡೇ ಸ್ವಿಚ್ ಹಾಕಿದರೆ
ಅದರ ಲೆಕ್ಕದಲ್ಲಿ ತುಳಿದದ್ದೇ ಬಿಟ್ಟದ್ದು.
ನಲವತ್ತು ವರ್ಷ ತುಳಿದ ಕಾಲು,
ಕುರ್ಚಿ ಕಂಡ ಮೇಲೆ ಸುಮ್ಮನಿದ್ದೀತೆ?

ನಾನು ಆ ಟಕ್ ಟಕ್‌ಗೆ ರಾಗ ತೊಡಿಸಿದೆ.
ಐದು, ನಿಲುವು, ಐದು. ಯಾವುದೋ ಹಳೆಯ
ಹಡಗಿನವರ ಹಾಡಿರಬೇಕು.
ಹಗಲು ಬಂಡಿ ನಡೆಸುತ್ತ ಅದನ್ನೇ ಸಿಳ್ಳೆ ಹಾಕಿದೆ;
ಮೀನು ಬುಟ್ಟಿಯ ಹೆಂಗಸರು, ಶಾಲೆ ಹುಡುಗರು
ಕಲಿತು ಇಳಿದರು.

ಜುಲೈನ ಒಂದು ರಾತ್ರಿ, ಮಂಜಿಗೆ ಬಂದರು ಕೊಂಬು ಊದುವ ಹೊತ್ತು,
ಹೆಡ್‌ಫೋನಿನ ತಂತಿ ಕಿತ್ತುಬಂತು.
ಸೂರು ಒಮ್ಮೆಗೇ ಬಾಯಿ ಬಿಟ್ಟಿತು:
ಐದು ಸ್ವರ, ಮೇಲೆ.
ಐದು ಸ್ವರ, ಕೆಳಗೆ.
ಉಂಗುರದ ಬೆರಳಿನಲ್ಲಿ ಎಡವು.
ಅಷ್ಟೇ. ಹಾಡಿರಲಿಲ್ಲ.

ಅವಳಿಗೂ ಗೊತ್ತಾಯಿತು; ನಿಂತಿತು.
ನನ್ನ ಕೈ ಪೊರಕೆಯತ್ತ ಹೋಯಿತು, ಇನ್ನೊಮ್ಮೆ ಎನ್ನಲು.
ಆದರೆ ಪೊರಕೆ ಹಿಡಿಗೆ ಈ ಮನೆಯಲ್ಲಿ ಒಂದೇ ಅರ್ಥ.
ಗೋಡೆಗೇ ಒರಗಿಸಿದೆ.

ಬೆಳಗ್ಗೆ ಬಂಡಿ ಹತ್ತಿ ಚಿಲ್ಲರೆ ಎಣಿಸಿ ಕೊಟ್ಟಳು.
ನನ್ನ ತುಟಿ ತಾನಾಗಿ ಸಿಳ್ಳೆ ಹಿಡಿದಿತ್ತು.
"ಚೆನ್ನಾಗಿದೆ, ಯಾವುದದು?"
ನಿಮ್ಮದೇ, ಎಂದೆ.
ಕೆಳಗಿನ ನಿಲ್ದಾಣದವರೆಗೂ ಮಾತಿಲ್ಲ.
"ನನಗಿನ್ನೂ ಅಷ್ಟೆಲ್ಲ ಬರುವುದಿಲ್ಲ" ಎಂದಳು, ಇಳಿಯುತ್ತ.
ಕೈಚೀಲದ ಮೇಲೆ ಬೆರಳು ಓಡುತ್ತಿದ್ದವು,
ನಾಲ್ಕನೆಯದು ಕೊಂಚ ತಡವಾಗಿ.