ಎಳೆ

ಗ್ರಾಟ್ಸ್ ಊರಿನ ಗಡಿಯಾರದ ಗೋಪುರದಲ್ಲಿ
ಉದ್ದ ಮುಳ್ಳು ಗಂಟೆಗೆ, ಗಿಡ್ಡ ಮುಳ್ಳು ನಿಮಿಷಕ್ಕೆ.
ಬಂದ ಹೊಸದರಲ್ಲಿ ಮೂರು ಸಲ ಟ್ರಾಮ್ ತಪ್ಪಿಸಿಕೊಂಡೆ.
ಹೆರ್ಮೀನೆ ನಕ್ಕಳು: "ಓದಲು ಕಲಿತರಾಯಿತು,
ಯಾವ ಮುಳ್ಳಾದರೇನು, ಹೊತ್ತು ಹೊತ್ತೇ."

ಅವಳು ಕತ್ತರಿಸುವವಳು. ನಾನು ಲೆಕ್ಕದವಳು.
ಕಟುಕನ ಮಗಳು, ಲೆಯೋಬೆನ್ ಕಡೆಯವಳು,
ಇಪ್ಪತ್ತೊಂಬತ್ತು ವರ್ಷದಿಂದ ಈ ನೆಲಮಾಳಿಗೆಯಲ್ಲಿ
ತಣ್ಣನೆಯ ಉಪ್ಪುನೀರಿನಿಂದ ಹೃದಯ ಎತ್ತಿ
ದೀಪಕ್ಕೆ ಹಿಡಿದು, ಹೆಬ್ಬೆರಳಿಂದ ಸವರಿ
ಎಳೆ ಯಾವ ಕಡೆ ಓಡಿದೆಯೆಂದು ಹೇಳುವವಳು.
ಒಳಗೋಡೆಯಲ್ಲಿ ಒಂದು ಓರೆ, ನಡುವೆ ಅಡ್ಡ,
ಹೊರಗೋಡೆಯಲ್ಲಿ ಇನ್ನೊಂದು ಓರೆ.
ಒದ್ದೆ ಬಟ್ಟೆ ಹಿಂಡಿದ ಹಾಗೆ
ತಿರುಚಿಕೊಂಡೇ ಬಡಿದಿರುತ್ತದೆ ಅದು, ಬದುಕಿದ್ದಷ್ಟು ದಿನ.

ಹೆಬ್ಬೆರಳುಗುರಿನಗಲದ ಚೌಕ. ನಾಲ್ಕೂ ಅಂಚಿಗೆ
ಗಾಳದಂಥ ಕೊಕ್ಕೆ, ರೇಷ್ಮೆಯ ದಾರ.
ಯಂತ್ರ ಎಳೆಯುತ್ತದೆ, ಎಳೆಯುದ್ದಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ.
ಮೊದಲ ಎಳೆತ ಲೆಕ್ಕಕ್ಕಿಲ್ಲ. ಎರಡನೆಯದೂ ಇಲ್ಲ.
ಐದಾರು ಸಲ ಎಳೆದು ಬಿಟ್ಟ ಮೇಲೆ
ಮಾಂಸ ಹೇಳಿದ್ದನ್ನೇ ಹೇಳತೊಡಗುತ್ತದೆ;
ಆಗ ಬರೆದುಕೊಳ್ಳಬೇಕು, ಠಾಣೆಯ ಪೇದೆಯ ಹಾಗೆ.

ನನ್ನ ಪಾಲಿಗೆ ಬರುವುದು ಒಂದು ಗೆರೆ.
ಮೊದಲು ಸುಮ್ಮನೆ ಸಾಗುತ್ತದೆ,
ಯಾರು ಕರೆದರೂ ಹೋಗುವವರ ಹಾಗೆ.
ಆಮೇಲೆ ಒಂದು ಕಡೆ ಸಾಕೆನಿಸಿ
ನೆಟ್ಟಗೆ ಎದ್ದು ನಿಲ್ಲುತ್ತದೆ.
ಹೋದ ದಾರಿಯಲ್ಲಿ ಮರಳುವುದಿಲ್ಲ.
ಎರಡರ ನಡುವೆ ಎಲೆಯಗಲದ ಜಾಗ.
ಅಷ್ಟು ಶಕ್ತಿ ಎಲ್ಲಿ ಹೋಯಿತು?
ಬಿಸಿಯಾಗಿ ಹೋಯಿತು ಎನ್ನುತ್ತದೆ ಪುಸ್ತಕ.
ಎಂಟು ಅಕ್ಷರ, ಎಂಟು ಅಂಕಿ. ಇಷ್ಟರಲ್ಲಿ
ಒಂದು ಸ್ನಾಯುವಿನ ಸ್ವಭಾವ ಕೂರಿಸುವುದು ನನ್ನ ಕೂಲಿ.

ನನ್ನ ಸಮೀಕರಣದಲ್ಲಿ ಎಲ್ಲ ಸೊನ್ನೆಯಿಂದ ಶುರು:
ಯಾರೂ ಎಳೆಯದ, ಏನೂ ಹೊರದ ಹೃದಯ.
"ಅಂಥದ್ದಿಲ್ಲ" ಎಂದಿದ್ದಳು ಹೆರ್ಮೀನೆ.
ಹಂದಿಯ ಹೃದಯದಿಂದ ಬಳೆಯಷ್ಟು ಕೊಯ್ದು
ನೀರಿಗೆ ಬಿಟ್ಟು, ಬಳೆಯನ್ನೊಂದು ಕಡೆ ಕಡಿದಳು.
ಯಾರೂ ಮುಟ್ಟಲಿಲ್ಲ. ತಾನಾಗಿ ಬಾಯಿಬಿಟ್ಟು
ಅಗಲವಾಗುತ್ತ ಹೋಯಿತು ಅದು,
ನಾವು ಕಾಫಿ ಕುಡಿದು ಬರುವವರೆಗೂ.

ಮಾರ್ಚಿಯಲ್ಲಿ ಬಂದ ಹದಿನೇಳನೆಯ ತುಂಡು ಕೂರಲಿಲ್ಲ.
ಐವತ್ತೆರಡು, ಗಂಡಸು ಎಂದಷ್ಟೇ ಚೀಟಿಯಲ್ಲಿ.
ಇನ್ನೊಬ್ಬರ ಎದೆಗೆ ಸಲ್ಲದೆ ನಮಗೆ ಬಂದದ್ದು.
ಎಳೆಯುದ್ದಕ್ಕೆ ಇರಬೇಕಾದಷ್ಟು ಬಿಗಿಯಿಲ್ಲ,
ಅಡ್ಡಕ್ಕೆ ಇರಬೇಕಾದಷ್ಟು ಮೆದುವಿಲ್ಲ.
ಎಂಟಂಕಿ ತಿರುವಿ ತಿರುವಿ ನಾಲ್ಕು ರಾತ್ರಿ.
ಪ್ರೊಫೆಸರ್ ಓಸ್ವಿನ್ "ಬಿಟ್ಟುಬಿಡು" ಎಂದರು.
ನಾನು ಬಿಡಲಿಲ್ಲ. ಕಾಯಿಲೆಯಿತ್ತು ಅವನಿಗೆ ಎಂದು
ಅರ್ಧ ಪುಟ ಬರೆದೂ ಆಗಿತ್ತು.

ಐದನೆಯ ದಿನ ಹೆರ್ಮೀನೆ ಮೆಟ್ಟಿಲು ಹತ್ತಿ ಬಂದಳು,
ಎಂದೂ ಬಾರದವಳು. ಪರದೆಯ ಕಡೆ ನೋಡಲಿಲ್ಲ.
ಬಲಗೈ ತೆಗೆದು ಮೇಜಿನ ಮೇಲಿಟ್ಟಳು.
ಟ್ರಾಮ್ ಹಾದಾಗ ಕಿಟಕಿಯ ಗಾಜು ಅದುರುವಂತೆ
ಅದುರುತ್ತಿದ್ದವು ಬೆರಳು. ಟ್ರಾಮ್ ಇರಲಿಲ್ಲ.
"ಅವತ್ತು ಚಾಕು ಓರೆ ಹೋಯಿತು," ಎಂದಳು.
"ಅವನದೇನೂ ತಪ್ಪಿಲ್ಲ."
"ಎಷ್ಟು ಓರೆ?"
ನನ್ನ ಪೆನ್ಸಿಲನ್ನು ಎಡಗೈಯಲ್ಲಿ
ಒಂದಿಷ್ಟು ತಿರುಗಿಸಿ ಇಟ್ಟಳು.
"ಇಷ್ಟು."

ಅವಳು ಇಳಿದು ಹೋದ ಮೇಲೆ ಕೋನ ಅಳೆದೆ.
ಇಪ್ಪತ್ತಮೂರು ಡಿಗ್ರಿ. ಒಂಬತ್ತನೆಯ ಅಂಕಿಯಾಗಿ ಕೊಟ್ಟೆ.
ಡಬ್ಬಿಗೆ ಅದರದೇ ಮುಚ್ಚಳ ಸಿಕ್ಕಂತೆ
ಗೆರೆ ಬಂದು ಚುಕ್ಕಿಗಳ ಮೇಲೆ ಕೂತಿತು.
ಗೆದ್ದೆನೆಂದು ಅನಿಸಬೇಕಿತ್ತು.
ಕಾಯಿಲೆಯ ಅರ್ಧ ಪುಟ ಹರಿದು ಹಾಕಿದೆ. ಆದರೆ
ಕಾಯಿಲೆ ಕೆಳಗಿನ ಮಹಡಿಯಲ್ಲಿತ್ತು.

ಅಚ್ಚಾದ ಕೋಷ್ಟಕದಲ್ಲಿ ಅದೊಂದು ಸಾಲು:
ಮಾದರಿ ಹದಿನೇಳು, ಎಳೆಯ ಕೋನ ಇಪ್ಪತ್ತಮೂರು.
ಓದಿದವರು ಅದನ್ನು ಸತ್ತವನ ಗುಣವೆಂದೇ ತಿಳಿದಾರು.

ಈಗ ಚಾಕು ಹಿಡಿಯುವವನು ಎಮೆರಿಶ್, ಹುಡುಗ.
ಹೆರ್ಮೀನೆ ಪಕ್ಕದ ಸ್ಟೂಲಿನಲ್ಲಿ,
ಎರಡೂ ಕೈ ಕೋಟಿನ ಜೇಬಿನಲ್ಲಿ,
ಕಣ್ಣು ಮಾತ್ರ ದೀಪದ ಕೆಳಗಿನ ಕೆಂಪಿನ ಮೇಲೆ.
"ಎಡಕ್ಕೆ," ಎನ್ನುತ್ತಾಳೆ.
"ಇನ್ನೂ ಚೂರು ಎಡಕ್ಕೆ."