ಎಷ್ಟು ಕುದುರೆ ಬೇಕು

ಉಲಾನ್‌ಬಾತರಿನ ಅಂಚಿಗೆ, ಬಿಡಿಭಾಗಗಳ ಸಂತೆಯಲ್ಲಿ
ಎಂಜಿನ್‌ಗಳು ಹಳೇ ಟೈರಿನ ಮೇಲೆ ಕೂತಿವೆ
ಕಾಲು ಮಡಚಿದ ಕುರಿಗಳ ಹಾಗೆ, ಮೈಮೇಲೆ ಹಿಮದ ಪುಡಿ.
ಲುವ್ಸನ್‌ದೋರ್ಜ್ ಒಂದೊಂದರ ಮೂತಿ ಒರೆಸಿ ತೋರಿಸುತ್ತಾನೆ,
ಹೆಣ್ಣು ತೋರಿಸುವ ದಳ್ಳಾಳಿಯ ಧಾಟಿ.

‘ಇದು ಜಪಾನಿನ ಡೀಸೆಲ್ಲು, ಟರ್ಬೊ ಇದೆ.
ಗುಡ್ಡ ಹತ್ತುವಾಗ ನೀನು ಹಾಡು ನಿಲ್ಲಿಸಬೇಕಾಗಿಲ್ಲ.’
ಜನವರಿಯಲ್ಲಿ? ಅಂದೆ.
ಜನವರಿಯಲ್ಲಿ ನಮ್ಮ ಕಡೆ ಡೀಸೆಲ್ ಬೆಣ್ಣೆಯಾಗುತ್ತದೆ,
ಟ್ಯಾಂಕಿನ ಕೆಳಗೆ ಸಗಣಿಬೆಂಕಿ ಹಾಕಿ
ಬೈಯುತ್ತ ಕೂರಬೇಕು.
ಅವನು ಮುಂದಿನದರ ಮೂತಿ ಒರೆಸಿದ.

ಕೊರಿಯಾದ್ದು, ಲಾರಿಯಿಂದ ಕಳಚಿದ್ದು, ಅಗ್ಗ.
ತಮ್ಮ ಚುಲೂನ್ ಬಗ್ಗಿ ಅಳೆದ:
ನಮ್ಮ ಗೇರ್‌ಬಾಕ್ಸಿಗೆ ಎರಡು ಬೋಲ್ಟ್ ಕೂಡುತ್ತವೆ, ನಾಲ್ಕು ಕೂಡುವುದಿಲ್ಲ.
ನಡುವೆ ಉಕ್ಕಿನ ತಟ್ಟೆ ಕೊರೆಸಬೇಕು,
ಕೊರೆಯುವವನು ಕುಡಿಯದ ದಿನ ನೋಡಿಕೊಂಡು.
ಕೂದಲೆಳೆ ಆಚೀಚೆಯಾದರೂ
ಎತ್ತು ಏರಿಗೆ, ಕೋಣ ನೀರಿಗೆ.

ಎಂಟು ಸಿಲಿಂಡರಿನ ಒಂದರ ಮುಂದೆ
ಚುಲೂನ್ ಟೋಪಿಯನ್ನೇ ತೆಗೆದ.
ಹಿಂದೆ ಪೆಟ್ರೋಲ್ ಟ್ಯಾಂಕರ್ ಕಟ್ಟಿಕೊಂಡು ತಿರುಗೋಣವೇನೋ?
ಟೋಪಿ ಮತ್ತೆ ಹಾಕಿಕೊಂಡ, ಕಿವಿ ಕೆಂಪಾಗಿತ್ತು.

ಲುವ್ಸನ್‌ದೋರ್ಜ್‌ಗೂ ಸಾಕಾಯಿತು:
‘ಎಷ್ಟು ಕುದುರೆ ಬೇಕು ಅಂತ ಹೇಳಿಬಿಡು.’
ಕುದುರೆ ಮನೆಯಲ್ಲಿ ಹದಿನೇಳಿವೆ, ಅಂದೆ,
ಜೇಬಿನಿಂದ ದಾರ ತೆಗೆದೆ. ಮೂರು ಗಂಟು.

ಮುಚ್ಚಳದ ಅಳತೆ ಅದು.
ನಮ್ಮ ಫುರ್ಗೋನಿನಲ್ಲಿ ಎಂಜಿನ್ ಹೊರಗಿರುವುದಿಲ್ಲ,
ಎರಡು ಸೀಟಿನ ನಡುವೆ, ಮನೆಯ ಒಲೆಯಂತೆ ಒಳಗೇ ಇರುತ್ತದೆ.
ಮೂರು ತಾಲ್ಲೂಕಿನ ದನಕುರಿಗೆ ನಾನೊಬ್ಬಳೇ ಡಾಕ್ಟರು.
ಆ ಮುಚ್ಚಳದ ಪಕ್ಕ ನನ್ನ ಲಸಿಕೆ ಹೆಪ್ಪುಗಟ್ಟದೆ ಉಳಿಯುತ್ತದೆ.
ಅದರ ಮೇಲೆ ಕಂಬಳಿ, ಒದ್ದೆ ಕೈಗವಸು,
ನಿದ್ದೆಹೋದ ಮಗಳ ತಲೆ.
ಒಂದು ಮಾರ್ಚಿನ ಬಿರುಗಾಳಿಯಲ್ಲಿ, ಹೊಕ್ಕುಳು ಇನ್ನೂ ಒಣಗದ
ಎರಡು ಕುರಿಮರಿಗಳನ್ನು ಅಲ್ಲೇ ಮಲಗಿಸಿದ್ದೆ.
ಒಂದು ಉಳಿಯಿತು.

ಹಳೆಯ ಎಂಜಿನ್ ಸೋರುತ್ತಿತ್ತು, ಕೆಮ್ಮುತ್ತಿತ್ತು,
ಕಡೆಗೆ ನದಿಯ ಮಂಜುಗಡ್ಡೆಯ ಮೇಲೆ ನಿಂತೇಬಿಟ್ಟಿತು.
ಸೀದಾ ಸತ್ತದ್ದು ಅದೊಂದೇ ಸಲ.
ಅದಕ್ಕೂ ಮೊದಲು ಮೈ ಬಿಸಿಯಿರದ ದಿನ ನೆನಪಿಲ್ಲ.

ಮೂಲೆಯಲ್ಲಿ ಟಾರ್ಪಾಲಿನಡಿ ನಾಲ್ಕು ಸಿಲಿಂಡರಿನ ಒಂದು ಪೆಟ್ರೋಲ್ ಎಂಜಿನ್:
ಎರಕದ ಕಬ್ಬಿಣ, ತಾಪ ಹಿಡಿದಿಡುವ ಜಾತಿ,
ಹಳ್ಳಿಯ ಕೆಟ್ಟ ಪೆಟ್ರೋಲನ್ನೂ ಮುಖ ಸಿಂಡರಿಸದೆ ಕುಡಿಯುತ್ತದಂತೆ.
ದಾರ ಹಿಡಿದು ನೋಡಿದೆ.
ಉದ್ದ ಸರಿ. ಅಗಲ ಸರಿ.
ಎತ್ತರ ಗಂಟು ಮೀರಿ ನಾಲ್ಕು ಬೆರಳು.

‘ಮುಚ್ಚಳ ಕತ್ತರಿಸಿ ಎತ್ತಬೇಕು, ವೆಲ್ಡಿಂಗ್ ಖರ್ಚು ಬೇರೆ’
ಎಂದು ಗೊಣಗಿದ ಚುಲೂನ್.
ಎತ್ತು, ಅಂದೆ.
ಉಯಂಗಾ ಕೂಡ ಈ ವರ್ಷ ಅಷ್ಟು ಬೆಳೆದಿದ್ದಾಳೆ,
ತಗ್ಗಿದ ದಿಂಬಿಗೆ ಕತ್ತು ನೋವು ಅನ್ನುತ್ತಿದ್ದಳು.

ಇನ್ನೂ ಒಂದು ಲಕ್ಷ ತುಗ್ರಿಗ್ ಇಳಿಸಿದ ಮೇಲೆ
ಆ ಎಂಟು ಸಿಲಿಂಡರಿನ ಕಡೆ ತಮ್ಮ ನೋಡುತ್ತಿದ್ದುದನ್ನು
ನೋಡದವಳಂತೆ
ಹಗ್ಗ ತರಲು ಹೋದೆ.